ಕರ್ನೆಲ್ ಕುಸಿತದ ಮಾಹಿತಿ ಸಂಗ್ರಹ

ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಮುಂದುವರಿಯಲಾರದ ಸ್ಥಿತಿ ತಲುಪಿದಾಗ ಯಂತ್ರ ನಿಂತುಹೋಗುತ್ತದೆ, ಇಲ್ಲವೇ ತಾನಾಗಿ ರೀಬೂಟ್ ಆಗುತ್ತದೆ. ಅಷ್ಟರೊಳಗೆ ದೋಷಸಂದೇಶ, ಪ್ರೊಸೆಸರ್‌ನ ರಿಜಿಸ್ಟರುಗಳಲ್ಲಿದ್ದ ಮೌಲ್ಯಗಳು, ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತೆಂಬ ಕರೆಸರಣಿ, ಸಾಧ್ಯವಾದರೆ ಇಡೀ ಮೆಮೊರಿಯ ಪ್ರತಿ, ಇವನ್ನೆಲ್ಲ ಅಳಿದುಹೋಗದ ಜಾಗಕ್ಕೆ ಸಾಗಿಸಬೇಕು. ಆ ಸಾಗಾಟದ ವಿಧಾನಗಳೇ ಈ ಲೇಖನದ ವಿಷಯ. ಯೂನಿಕ್ಸ್, ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಇಂಥ ಏರ್ಪಾಡುಗಳಿವೆ. ಇವುಗಳಲ್ಲಿ ಲಿನಕ್ಸ್‌ನ ಕತೆ ಹೆಚ್ಚು ವೈವಿಧ್ಯದ್ದು, ಹೆಚ್ಚು ಬಹಿರಂಗವಾಗಿ ನಡೆದದ್ದು; ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಸಾಮಾನ್ಯ ತಂತ್ರಾಂಶವೊಂದು ಕುಸಿದರೆ ಕರ್ನೆಲ್ ಬದುಕಿರುತ್ತದೆ. ಸತ್ತ ಪ್ರೊಸೆಸ್ಸಿನ ಮೆಮೊರಿಯನ್ನು ಕಡತಕ್ಕೆ ಬರೆದಿಡುವ ಕೆಲಸ ಅದರದ್ದು. ಕರ್ನೆಲ್ಲೇ ಕುಸಿದಾಗ ಬರೆಯುವವರು ಯಾರು? ಡಿಸ್ಕ್ ಡ್ರೈವರ್, ಕಡತ ವ್ಯವಸ್ಥೆ, ನೆಟ್‌ವರ್ಕ್ ಪದರ ಎಲ್ಲವೂ ಅದರದೇ ಅಂಗಗಳು, ಮತ್ತು ಕೆಟ್ಟದ್ದು ಅವುಗಳಲ್ಲೇ ಒಂದಿರಬಹುದು. ಯಾವುದೋ ಲಾಕ್ ಹಿಡಿದುಕೊಂಡೇ ಸತ್ತ ಕೋಡಿಗೆ ಮತ್ತೆ ಅದೇ ಲಾಕ್ ಸಿಗುವುದಿಲ್ಲ. ಮೆಮೊರಿ ಹಾಳಾಗಿದ್ದಾಗ ಹಟ ಹಿಡಿದು ಡಿಸ್ಕಿಗೆ ಬರೆಯಹೊರಟರೆ ಬಳಕೆದಾರರ ಕಡತಗಳ ಮೇಲೆಯೇ ಬರೆದುಬಿಡುವ ಅಪಾಯವಿದೆ. ಮಾಹಿತಿ ಕಳೆದುಕೊಳ್ಳುವುದಕ್ಕಿಂತ ಅದು ದೊಡ್ಡ ನಷ್ಟ. ಈ ಕ್ಷೇತ್ರದ ಪ್ರತಿಯೊಂದು ವಿಧಾನವನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಕೆಟ್ಟುಹೋದ ಕರ್ನೆಲ್ಲನ್ನು ಅದು ಎಷ್ಟರಮಟ್ಟಿಗೆ ನಂಬಿಕೊಂಡಿದೆ?

ಹಿನ್ನೆಲೆ

ಮೆಮೊರಿಯ ಪ್ರತಿಗೆ ‘ಕೋರ್ ಡಂಪ್’ ಎಂಬ ಹೆಸರು ಬಂದದ್ದು ಕಾಂತೀಯ ಉಂಗುರಗಳನ್ನು ಪೋಣಿಸಿ ಮೆಮೊರಿ ಮಾಡುತ್ತಿದ್ದ ಕಾಲದಲ್ಲಿ. ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ಒಂದು ಪ್ರಸಂಗವನ್ನು ನೆನಪಿಸಿಕೊಂಡಿದ್ದಾರೆ. ತಾನು ಬರೆಯುವ ಕೋಡಿನಲ್ಲಿ ಅರ್ಧದಷ್ಟು ದೋಷದಿಂದ ಚೇತರಿಸಿಕೊಳ್ಳಲೆಂದೇ ಇದೆ ಎಂದು ಅವರು ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿಗೆ ಹೇಳಿದರಂತೆ. ಯೂನಿಕ್ಸ್‌ನಲ್ಲಿ ಅದನ್ನೆಲ್ಲ ಬಿಟ್ಟಿದ್ದೇವೆ, ‘ಪ್ಯಾನಿಕ್’ ಎಂಬ ಫಂಕ್ಷನ್ ಇದೆ, ಅದನ್ನು ಕರೆದರೆ ಯಂತ್ರ ನಿಲ್ಲುತ್ತದೆ, ಆಮೇಲೆ ಯಾರನ್ನಾದರೂ ಕೂಗಿ ರೀಬೂಟ್ ಮಾಡಿಸುವುದು ಎಂದು ರಿಚಿ ಉತ್ತರಿಸಿದರಂತೆ. ಉಡಾಫೆಯಂತೆ ಕೇಳಿಸಿದರೂ ಇದರಲ್ಲಿ ವಿವೇಕವಿದೆ. ತನ್ನ ಸ್ಥಿತಿಯ ಬಗ್ಗೆ ತನಗೇ ಭರವಸೆಯಿಲ್ಲದ ಕರ್ನೆಲ್ ಕೆಲಸ ಮುಂದುವರಿಸದೆ ನಿಲ್ಲುವುದೇ ಲೇಸು.

ನಿಲ್ಲುವ ಮುನ್ನ ಏನನ್ನಾದರೂ ಬಿಟ್ಟುಹೋಗಲು ಬಿಎಸ್‌ಡಿ ಯೂನಿಕ್ಸ್ ಕಂಡುಕೊಂಡ ಜಾಗ ಸ್ವಾಪ್ ಪಾರ್ಟಿಷನ್. ಅಲ್ಲಿ ಕಡತ ವ್ಯವಸ್ಥೆಯಿಲ್ಲ, ಅಳಿದರೆ ಅಳುವವರೂ ಇಲ್ಲ. ಸಾಯುತ್ತಿರುವ ಕರ್ನೆಲ್ ಮೆಮೊರಿಯನ್ನು ಅಲ್ಲಿಗೆ ಸುರಿಯುತ್ತದೆ. ಮುಂದಿನ ಬೂಟ್‌ನಲ್ಲಿ ‘ಸೇವ್‌ಕೋರ್’ ಎಂಬ ಪ್ರೋಗ್ರಾಂ ಅದನ್ನು ಎತ್ತಿ ಕಡತವಾಗಿ ಇಡುತ್ತದೆ. ಫ್ರೀಬಿಎಸ್‌ಡಿ ಈ ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯ ಭಾಗದಲ್ಲಿ ಬರೆಯುತ್ತದೆ. ಬೂಟ್ ಆಗುವಾಗಲೇ ಸ್ವಾಪ್ ಬಳಕೆ ಶುರುವಾದರೂ ಮೊದಲಿನ ಭಾಗ ತುಂಬಿ ಕೊನೆಗೆ ಬರುವಷ್ಟರಲ್ಲಿ ಸೇವ್‌ಕೋರ್ ತನ್ನ ಕೆಲಸ ಮುಗಿಸಿರಲಿ ಎಂಬ ಲೆಕ್ಕಾಚಾರವದು.

ವಿಂಡೋಸ್ ಎನ್‌ಟಿ ಸಂತತಿ ನಡೆದದ್ದೂ ಇದೇ ದಾರಿಯಲ್ಲಿ. ನೀಲಿ ಪರದೆ ಜನರ ಕಣ್ಣಿಗೆ ಬೀಳುವ ಹೊತ್ತಿನಲ್ಲಿ ಕರ್ನೆಲ್ ಮೆಮೊರಿಯನ್ನು ಪೇಜ್‌ಫೈಲ್ ಇರುವ ಡಿಸ್ಕ್ ಬ್ಲಾಕುಗಳಿಗೆ ನೇರವಾಗಿ ಬರೆಯುತ್ತಿರುತ್ತದೆ. ಆ ಬ್ಲಾಕುಗಳು ಎಲ್ಲಿವೆಯೆಂಬ ಪಟ್ಟಿ, ಬರೆಯಲು ಬೇಕಾದ ಡಿಸ್ಕ್ ಡ್ರೈವರ್‌ನ ಪ್ರತ್ಯೇಕ ನಕಲು ಎರಡೂ ಬೂಟ್ ಆದಾಗಲೇ ಸಿದ್ಧವಾಗಿರುತ್ತವೆ. ಇವುಗಳ ಚೆಕ್‌ಸಮ್ ತಾಳೆಯಾಗದಿದ್ದರೆ ವಿಂಡೋಸ್ ಬರೆಯುವ ಗೊಡವೆಗೇ ಹೋಗುವುದಿಲ್ಲ. ವಿಂಡೋಸ್‌ನ ಮಿನಿಡಂಪ್ ತೀರ ಚಿಕ್ಕದು. ಪೂರ್ಣ ಡಂಪ್ ರ‍್ಯಾಮ್‌ನಷ್ಟೇ ದೊಡ್ಡದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಯುಕ್ತ ಅಪ್‌ಡೇಟ್‌ನಿಂದ ಕುಸಿದ ಯಂತ್ರಗಳು ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ. ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ 20 ಅಂಶಗಳಿರುವ ಪಟ್ಟಿಯಲ್ಲಿ 21ನೆಯದನ್ನು ಓದಹೋಗಿ ಎಡವಿತ್ತು. ಮಿತಿ ಮೀರಿದ ಆ ಓದಿನ ಗುರುತು ಕುಸಿದ ಯಂತ್ರಗಳ ಡಂಪ್‌ಗಳಲ್ಲಿ ನೇರವಾಗಿಯೇ ಸಿಕ್ಕಿತು. ಮ್ಯಾಕ್ ಯಂತ್ರಗಳು ಪ್ಯಾನಿಕ್ ವರದಿಯನ್ನು ಅಳಿಯದ ಪುಟ್ಟ ಮೆಮೊರಿಯಲ್ಲಿಟ್ಟು ಮುಂದಿನ ಬೂಟ್‌ನಲ್ಲಿ ಕಡತ ಮಾಡುವ ಪದ್ಧತಿ ಇಟ್ಟುಕೊಂಡು ಬಂದವು.

ಲಿನಕ್ಸ್‌ನಲ್ಲಿ ಊಪ್ಸ್ ಮತ್ತು ಪ್ಯಾನಿಕ್

ಲಿನಕ್ಸ್ ಕುಸಿತದಲ್ಲಿ ಎರಡು ದರ್ಜೆಗಳಿವೆ. ಊಪ್ಸ್ ಎಂದರೆ ಕರ್ನೆಲ್ ಕೋಡಿನಲ್ಲಿ ಅಕ್ರಮ ಮೆಮೊರಿ ಪ್ರವೇಶದಂಥ ತಪ್ಪು ನಡೆದು, ಆ ಹೊತ್ತಿಗೆ ಓಡುತ್ತಿದ್ದ ಪ್ರೊಸೆಸ್ಸನ್ನು ಮಾತ್ರ ಕೊಂದು ಕರ್ನೆಲ್ ಹೇಗೋ ಮುಂದುವರಿಯುವುದು. ಅದೇ ತಪ್ಪು ಇಂಟರಪ್ಟ್ ನಿಭಾಯಿಸುವಾಗ ನಡೆದರೆ, ಇಲ್ಲವೇ ಸತ್ತದ್ದು ಎಲ್ಲ ಪ್ರೊಸೆಸ್‌ಗಳ ಮೂಲವಾದ ‘ಇನಿಟ್’ ಆದರೆ, ಅದು ಪ್ಯಾನಿಕ್, ಅಲ್ಲಿಗೆ ಮುಗಿಯಿತು. ಊಪ್ಸ್ ಆದ ಯಂತ್ರ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದಾದರೂ ಸತ್ತ ಪ್ರೊಸೆಸ್ ಹಿಡಿದಿದ್ದ ಲಾಕುಗಳು ಬಿಡುಗಡೆಯಾಗದೆ ಉಳಿದಿರುತ್ತವೆ. ಗಂಭೀರ ಕೆಲಸದ ಸರ್ವರುಗಳಲ್ಲಿ ಊಪ್ಸ್ ಆದೊಡನೆ ಪ್ಯಾನಿಕ್ ಆಗುವಂತೆ ಹೊಂದಿಸುವುದು ರೂಢಿ, ಮತ್ತು ಸರಿಯಾದ ರೂಢಿ.

ಊಪ್ಸ್ ವರದಿ ಮೊದಲ ನೋಟಕ್ಕೆ ಹೆಕ್ಸ್ ಅಂಕೆಗಳ ರಾಶಿ. ಅಕ್ರಮವಾಗಿ ಮುಟ್ಟಿದ ವಿಳಾಸ, ಆಗ ನಡೆಯುತ್ತಿದ್ದ ಆದೇಶದ ವಿಳಾಸ, ರಿಜಿಸ್ಟರುಗಳು, ಕರೆಸರಣಿ, ಆದೇಶದ ಸುತ್ತಲಿನ ಒಂದಿಷ್ಟು ಬೈಟ್‌ಗಳು, ಲೋಡ್ ಆಗಿದ್ದ ಮಾಡ್ಯೂಲುಗಳ ಪಟ್ಟಿ, ಕರ್ನೆಲ್ ಎಷ್ಟರಮಟ್ಟಿಗೆ ‘ಕಳಂಕಿತ’ ಎನ್ನುವ ಅಕ್ಷರಗಳು ಅದರಲ್ಲಿರುತ್ತವೆ. ಮೂಲ ಕೋಡ್ ಮುಚ್ಚಿಟ್ಟ ಮಾಡ್ಯೂಲ್ ಸೇರಿದ್ದರೆ ‘ಪಿ’, ಹೊರಗಿನ ಮಾಡ್ಯೂಲ್ ಇದ್ದರೆ ‘ಓ’, ಈಗಾಗಲೇ ಒಮ್ಮೆ ಊಪ್ಸ್ ಆಗಿದ್ದರೆ ‘ಡಿ’. ಈ ಕೊನೆಯ ಅಕ್ಷರವನ್ನು ಗಮನಿಸದೆ ಹೋಗುವವರು ಬಹಳ. ‘ಡಿ’ ಇರುವ ವರದಿ ಸಾಮಾನ್ಯವಾಗಿ ಹಿಂದಿನ ಕುಸಿತದ ಪರಿಣಾಮ. ಬೇಕಾದದ್ದು ಅದಕ್ಕಿಂತ ಮೊದಲಿನ ವರದಿ, ಮತ್ತು ಪರದೆಯಿಂದ ಜಾರಿಹೋಗುವುದೂ ಅದೇ.

ಈ ಸಾಲುಗಳೆಲ್ಲ ಮೊದಲು ಸೇರುವುದು ಮೆಮೊರಿಯಲ್ಲಿರುವ ರಿಂಗ್ ಬಫರ್‌ಗೆ. ಅದರ ರೂಢಿಯ ಅಳತೆ 128 ಕೆಬಿ. ಎಷ್ಟೋ ವಿತರಣೆಗಳಲ್ಲಿ ಇನ್ನೂ ದೊಡ್ಡದು. ಅಲ್ಲಿಂದ ಡಿಸ್ಕಿನ ಲಾಗ್ ಕಡತಕ್ಕೆ ಸಾಗಿಸುವುದು ಬಳಕೆದಾರರ ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂ. ಪ್ಯಾನಿಕ್ ಆದಮೇಲೆ ಆ ನೆಲೆಯಲ್ಲಿ ಯಾವುದೂ ಓಡುವುದಿಲ್ಲ. ರೀಬೂಟ್ ಮಾಡಿ ಲಾಗ್ ತೆರೆದರೆ ಕುಸಿತಕ್ಕೆ ಮೊದಲಿನ ಸಾಧಾರಣ ಸಾಲೊಂದು, ಅದರ ಬೆನ್ನಿಗೇ ಹೊಸ ಬೂಟ್‌ನ ಮೊದಲ ಸಾಲು ಕಾಣುವುದು ಇದರಿಂದಾಗಿಯೇ. ಲಾಗ್‌ನಲ್ಲಿ ಏನೂ ಇಲ್ಲವೆಂದರೆ ಕರ್ನೆಲ್ ಏನೂ ಹೇಳಲಿಲ್ಲ ಎಂದಾಗುವುದಿಲ್ಲ.

ಪರದೆ, ಸೀರಿಯಲ್ ತಂತಿ, ನೆಟ್‌ವರ್ಕ್

ಅತಿ ಹಳೆಯ ವಿಧಾನ ಪರದೆ ನೋಡಿ ಕಾಗದದ ಮೇಲೆ ಬರೆದುಕೊಳ್ಳುವುದು. ಡಿಜಿಟಲ್ ಕ್ಯಾಮೆರಾ ಬಂದಮೇಲೆ ಕೈನೋವು ತಪ್ಪಿತು. ಆದರೆ ಪಠ್ಯ ಪರದೆಯಲ್ಲಿರುವುದು 25 ಸಾಲು. ಉದ್ದದ ಕರೆಸರಣಿ ಬಂದರೆ ಮುಖ್ಯವಾದ ಮೇಲಿನ ಸಾಲುಗಳು ಜಾರಿಹೋಗಿರುತ್ತವೆ. ಪ್ಯಾನಿಕ್ ಆದಮೇಲೆ ಕೀಬೋರ್ಡ್ ಕೇಳುವವರಿಲ್ಲದ್ದರಿಂದ ಹಿಂದಕ್ಕೆ ಸರಿಸಿ ನೋಡುವಂತಿಲ್ಲ. ಸಣ್ಣ ಅಕ್ಷರದ ಫಾಂಟ್, ಮೊದಲ ಊಪ್ಸ್ ಆದಮೇಲೆ ಕೆಲವು ಸೆಕೆಂಡು ತಡೆದು ನಿಲ್ಲಿಸುವ ಬೂಟ್ ಆಯ್ಕೆ, ಹೀಗೆ ಕೆಲವು ಉಪಾಯಗಳುಂಟು. ಚಿತ್ರಾತ್ಮಕ ಡೆಸ್ಕ್‌ಟಾಪ್ ತೆರೆದಿದ್ದಾಗ ಕುಸಿದರೆ ಅದೂ ಇಲ್ಲ: ಚಿತ್ರ ಹಾಗೆಯೇ ಹೆಪ್ಪುಗಟ್ಟುತ್ತದೆ, ಕೀಬೋರ್ಡಿನ ಕ್ಯಾಪ್ಸ್ ಲಾಕ್, ಸ್ಕ್ರಾಲ್ ಲಾಕ್ ದೀಪಗಳು ಮಿನುಗುತ್ತವೆ. ಆ ದೀಪಗಳಲ್ಲೇ ಮೋರ್ಸ್ ಸಂಕೇತದಲ್ಲಿ ಪ್ಯಾನಿಕ್ ಸಂದೇಶ ಮಿನುಗಿಸುವ ಪ್ಯಾಚ್ ಒಂದನ್ನು 2002ರಲ್ಲಿ ಬರೆದದ್ದುಂಟು. ಮುಖ್ಯ ಕರ್ನೆಲ್ಲಿಗೆ ಅದು ಸೇರಲಿಲ್ಲ. ಡೆಸ್ಕ್‌ಟಾಪ್ ಬಳಕೆದಾರರ ಈ ಕೊರತೆ ನೀಗತೊಡಗಿದ್ದು 2024ರಲ್ಲಿ. ಆ ವರ್ಷದ 6.10ನೇ ಆವೃತ್ತಿಯಲ್ಲಿ ಗ್ರಾಫಿಕ್ಸ್ ಡ್ರೈವರುಗಳೇ ಪ್ಯಾನಿಕ್ ಪರದೆ ತೋರುವ ವ್ಯವಸ್ಥೆ ಬಂತು, 6.12ರಲ್ಲಿ ಸಂದೇಶವನ್ನು ಕ್ಯೂಆರ್ ಕೋಡ್ ಆಗಿ ತೋರಿಸುವ ಆಯ್ಕೆ ಸೇರಿತು. ಕ್ಯೂಆರ್ ಚೌಕವೊಂದು ಹಿಡಿಯುವುದು ಹೆಚ್ಚೆಂದರೆ 2,953 ಬೈಟ್. ಆದ್ದರಿಂದ ಸಂದೇಶವನ್ನು ಮೊದಲು ಕುಗ್ಗಿಸಲಾಗುತ್ತದೆ. ಆ ಚೌಕ ಬರೆಯುವ ಕೋಡ್ ರಸ್ಟ್ ಭಾಷೆಯದು.

ಕರ್ನೆಲ್ ಬರೆಯುವವರು ಇಂದಿಗೂ ಮೊದಲು ಕೇಳುವುದು ಸೀರಿಯಲ್ ಕನ್ಸೋಲ್. ಕುಸಿಯುವ ಯಂತ್ರದ ಸೀರಿಯಲ್ ಪೋರ್ಟಿನಿಂದ ನಲ್-ಮೋಡೆಮ್ ಕೇಬಲ್ ಎಳೆದು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ, ಬೂಟ್ ಸಾಲಿನಲ್ಲಿ ಪೋರ್ಟ್‌ನ ಹೆಸರು, ವೇಗ ಕೊಟ್ಟರೆ ಸಾಕು. ಆ ಕಡೆ ಮಿನಿಕಾಮ್‌ನಂಥ ಪ್ರೋಗ್ರಾಂ ಪ್ರತಿ ಅಕ್ಷರವನ್ನೂ ಕಡತಕ್ಕೆ ಇಳಿಸುತ್ತದೆ. ಇದರ ಬಲ ಇರುವುದು ಸರಳತೆಯಲ್ಲಿ. ಚಿಪ್‌ನ ಒಂದು ರಿಜಿಸ್ಟರಿಗೆ ಒಂದು ಬೈಟ್ ಹಾಕು, ಖಾಲಿಯಾಗುವ ತನಕ ಕಾಯು, ಮುಂದಿನದನ್ನು ಹಾಕು. ಇಂಟರಪ್ಟ್ ಬೇಡ, ಮೆಮೊರಿ ಹಂಚಿಕೆ ಬೇಡ, ಕಡತ ವ್ಯವಸ್ಥೆ ಬೇಡ. ಕರ್ನೆಲ್ ಪೂರ್ತಿ ಕಣ್ಣು ಬಿಡುವ ಮೊದಲೇ ಕುಸಿದರೂ ಹಿಡಿಯಬಲ್ಲ ‘ಅರ್ಲಿಕಾನ್’ ಎಂಬ ರೂಪವೂ ಇದೆ.

ದೌರ್ಬಲ್ಯ ವೇಗದ್ದು. 115200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಅಕ್ಷರ ಸಾಗುತ್ತವೆ, 9600ರಲ್ಲಿ 960 ಮಾತ್ರ. ಆ ನಿಧಾನ ವೇಗದಲ್ಲಿ 128 ಕೆಬಿ ಬಫರ್ ಖಾಲಿಯಾಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಮುದ್ರಿಸುವುದರಲ್ಲೇ ಸಿಲುಕಿದ ಪ್ರೊಸೆಸರನ್ನು ಕಂಡು, ಅದು ಸ್ತಬ್ಧವಾಗಿದೆಯೆಂದು ಕರ್ನೆಲ್ಲಿನ ಕಾವಲು ವ್ಯವಸ್ಥೆ ಹುಯಿಲೆಬ್ಬಿಸಿದ ಪ್ರಸಂಗಗಳಿವೆ. ಸಂದೇಶ ಮುದ್ರಿಸುವ ಈ ಭಾಗವನ್ನು ತಿದ್ದಿ ಬರೆಯಲು ವರ್ಷಗಳೇ ಹಿಡಿದವು. ರಿಯಲ್‌ಟೈಮ್ ಲಿನಕ್ಸ್ 2024ರ ತನಕ ಮುಖ್ಯ ಕರ್ನೆಲ್ಲಿಗೆ ಪೂರ್ತಿ ಸೇರದೆ ಕಾದದ್ದಕ್ಕೆ ಕೊನೆಯ ತಡೆ ಇದೇ ಆಗಿತ್ತು. ಲ್ಯಾಪ್‌ಟಾಪುಗಳಿಂದ ಸೀರಿಯಲ್ ಪೋರ್ಟ್ ಮಾಯವಾಗಿದೆ. ಸರ್ವರುಗಳಲ್ಲಿ ಮಾತ್ರ ಅದು ಬೇರೆ ವೇಷದಲ್ಲಿ ಉಳಿದಿದೆ: ಬೋರ್ಡಿನಲ್ಲಿರುವ ಪ್ರತ್ಯೇಕ ನಿರ್ವಹಣಾ ಚಿಪ್ ಸೀರಿಯಲ್ ಹರಿವನ್ನು ನೆಟ್‌ವರ್ಕ್ ಮೂಲಕ ಕಳುಹಿಸುತ್ತದೆ. 2004ರ ಐಪಿಎಂಐ 2.0 ಇದಕ್ಕೊಂದು ಮಾನಕ ಕೊಟ್ಟಿತು. ವರ್ಚುವಲ್ ಯಂತ್ರದಲ್ಲಂತೂ ಸೀರಿಯಲ್ ಪೋರ್ಟ್ ಎಂದರೆ ಆತಿಥೇಯ ಯಂತ್ರದ ಒಂದು ಕಡತ. ಕರ್ನೆಲ್ ಕಲಿಯುವವರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಸೀರಿಯಲ್ ತಂತಿಯಿಲ್ಲದವರಿಗೆ ‘ನೆಟ್‌ಕನ್ಸೋಲ್’ ಇದೆ. ಇಂಗೋ ಮೋಲ್ನಾರ್ 2001ರಲ್ಲಿ ಬರೆದ ಇದನ್ನು 2003ರಲ್ಲಿ ಮ್ಯಾಟ್ ಮ್ಯಾಕಾಲ್ 2.6 ಕರ್ನೆಲ್ಲಿಗೆ ಹೊಂದಿಸಿದರು. ಪ್ರತಿ ಸಂದೇಶವೂ ಒಂದು ಯುಡಿಪಿ ಪ್ಯಾಕೆಟ್ ಆಗಿ ಇನ್ನೊಂದು ಯಂತ್ರದ ಪೋರ್ಟ್ 6666ಕ್ಕೆ ಹೋಗುತ್ತದೆ. ಮಾಮೂಲಿ ನೆಟ್‌ವರ್ಕ್ ಪದರಗಳನ್ನು ಬಳಸದೆ ಕಾರ್ಡಿನ ಡ್ರೈವರನ್ನು ನೇರವಾಗಿ ತಟ್ಟಿ ಕಳುಹಿಸುವುದು ಇದರ ಜಾಣತನ. ಎದುರಿನ ಯಂತ್ರದ ಹಾರ್ಡ್‌ವೇರ್ ವಿಳಾಸವನ್ನೂ ಮೊದಲೇ ಕೊಟ್ಟಿರಬೇಕು, ಕೊಡದಿದ್ದರೆ ಪ್ಯಾಕೆಟ್ ಎಲ್ಲರಿಗೂ ಪ್ರಸಾರವಾಗುತ್ತದೆ. ಕುಸಿದದ್ದು ನೆಟ್‌ವರ್ಕ್ ಡ್ರೈವರೇ ಆದರೆ ಏನೂ ಬರುವುದಿಲ್ಲ; ವೈಫೈ ಮೇಲೆ ಸಾಮಾನ್ಯವಾಗಿ ನಡೆಯುವುದಿಲ್ಲ; ಗೂಢಲಿಪಿಯೂ ಇಲ್ಲ. ಆದರೂ ಸಾವಿರಾರು ಯಂತ್ರಗಳ ಸಂದೇಶವನ್ನು ಒಂದೇ ಕಡೆ ಕೂಡಿಹಾಕಲು ಇಷ್ಟು ಅಗ್ಗದ ಉಪಾಯ ಬೇರೆಯಿಲ್ಲ.

ರೀಬೂಟ್ ದಾಟಿ ಉಳಿಯುವ ಮೆಮೊರಿ

ಕೇಳಿಸಿಕೊಳ್ಳಲು ಎದುರಿಗೆ ಇನ್ನೊಂದು ಯಂತ್ರವೇ ಇಲ್ಲದಿದ್ದರೆ? ಫೋನು, ರೌಟರುಗಳ ಸ್ಥಿತಿ ಅದು. ಟೋನಿ ಲಕ್ ರೂಪಿಸಿದ ‘ಪಿಸ್ಟೋರ್’ 2011ರಲ್ಲಿ 2.6.39ನೇ ಆವೃತ್ತಿಯಲ್ಲಿ ಸೇರಿತು. ಪ್ಯಾನಿಕ್ ಹೊತ್ತಿಗೆ ರಿಂಗ್ ಬಫರ್‌ನ ಕೊನೆಯ ತುಣುಕನ್ನು, ರೂಢಿಯಲ್ಲಿ 10 ಕೆಬಿ, ರೀಬೂಟ್ ಆದರೂ ಉಳಿಯುವ ಜಾಗಕ್ಕೆ ಬರೆಯುವುದು, ಮುಂದಿನ ಬೂಟ್‌ನಲ್ಲಿ ಅದನ್ನು ಕಡತಗಳಂತೆ ತೋರಿಸುವುದು ಇದರ ಕೆಲಸ. ಸರ್ವರಿನಲ್ಲಿ ಆ ಜಾಗ ಫರ್ಮ್‌ವೇರ್ ಒದಗಿಸುವ ದೋಷದಾಖಲೆಯ ಫ್ಲ್ಯಾಶ್. ಪಿಸಿಗಳಲ್ಲಿ ಯುಇಎಫ್‌ಐ ಚರಾಂಶಗಳು. ಫೋನುಗಳಲ್ಲಿ ರ‍್ಯಾಮ್‌ನಲ್ಲೇ ಕಾದಿರಿಸಿದ ಒಂದು ತುಂಡು. ವಿದ್ಯುತ್ ಕಡಿಯದೆ ರೀಬೂಟ್ ಮಾಡಿದರೆ ರ‍್ಯಾಮ್‌ನ ಬರಹ ಉಳಿದಿರುತ್ತದೆ ಎಂಬುದನ್ನು ನೆಚ್ಚಿಕೊಂಡ ಈ ಕೊನೆಯ ವಿಧಾನದ ಹೆಸರು ‘ರ‍್ಯಾಮೂಪ್ಸ್’. ಬ್ಯಾಟರಿ ಕಿತ್ತರೆ ಎಲ್ಲ ಹೋಯಿತು.

ಯುಇಎಫ್‌ಐ ದಾರಿ ಒಮ್ಮೆ ದುಬಾರಿಯಾಯಿತು. ಆ ಸಂಗ್ರಹ ಬಹುಪಾಲು ತುಂಬಿದರೆ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳು ಮತ್ತೆಂದೂ ಬೂಟ್ ಆಗದಂತೆ ನಿರ್ಜೀವವಾಗುತ್ತವೆಂದು 2013ರಲ್ಲಿ ಬಯಲಾಯಿತು. ಕುಸಿತದ ವರದಿಗಳನ್ನು ಅಲ್ಲಿ ಬರೆಯುವುದೂ ಅದನ್ನು ತುಂಬಿಸಬಲ್ಲದಾಗಿತ್ತು. ತಪ್ಪು ಫರ್ಮ್‌ವೇರಿನದು; ವಿಂಡೋಸ್‌ನಿಂದಲೂ ಅದೇ ಗತಿ ತರಬಹುದೆಂದು ಲಿನಕ್ಸ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ತೋರಿಸಿಕೊಟ್ಟರು. ಸಂಗ್ರಹದ ಅರ್ಧದಷ್ಟನ್ನು ಖಾಲಿ ಬಿಡುವ ಎಚ್ಚರಿಕೆ ಲಿನಕ್ಸ್‌ನಲ್ಲಿ ಸೇರಿದ್ದು ಆಮೇಲೆ.

ಕೆಡಂಪ್

ಮೇಲಿನವೆಲ್ಲ ಸಾಯುತ್ತಿರುವ ಕರ್ನೆಲ್‌ನ ಬಾಯಿಂದಲೇ ಮರಣಪೂರ್ವ ಹೇಳಿಕೆ ಪಡೆಯುವ ಪ್ರಯತ್ನಗಳು. ಮರಣೋತ್ತರ ಪರೀಕ್ಷೆಗೆ ಬೇರೊಬ್ಬ ವೈದ್ಯರನ್ನು ಕರೆಸುವುದು ಕೆಡಂಪ್‌ನ ಬಗೆ. ಅದಕ್ಕೆ ಮೊದಲು ಎಸ್‌ಜಿಐ ಕಂಪನಿಯಲ್ಲಿ 1999ರ ಸುಮಾರಿಗೆ ಹುಟ್ಟಿದ ಎಲ್‌ಕೆಸಿಡಿ, ರೆಡ್ ಹ್ಯಾಟ್‌ನ ನೆಟ್‌ಡಂಪ್ ಮೊದಲಾದವು ಇದ್ದವು. ಎಲ್ಲವೂ ಕುಸಿದ ಕರ್ನೆಲ್‌ನ ಕೈಯಿಂದಲೇ ಡಿಸ್ಕಿಗೋ ನೆಟ್‌ವರ್ಕಿಗೋ ಬರೆಸುತ್ತಿದ್ದವು. ಎಲ್‌ಕೆಸಿಡಿಯನ್ನು ಮುಖ್ಯ ಕರ್ನೆಲ್ಲಿಗೆ ಸೇರಿಸಲು 2002ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಅದು ಮಾರಾಟಗಾರ ಕಂಪನಿಗಳಿಗೆ ಬೇಕಾದ ಸೌಲಭ್ಯವೆಂದು ಅವರ ವಾದ. ಆ ನಿರಾಕರಣೆ ಒಳ್ಳೆಯದನ್ನೇ ಮಾಡಿತೆನ್ನಬೇಕು; ಕುಸಿದ ಕರ್ನೆಲ್ಲನ್ನು ನಂಬದ ಬೇರೆ ದಾರಿಗೆ ಜಾಗ ಉಳಿಯಿತು.

ಫರ್ಮ್‌ವೇರ್ ಹಂತವನ್ನು ಬಿಟ್ಟು, ಓಡುತ್ತಿರುವ ಕರ್ನೆಲ್ಲಿನಿಂದ ನೇರವಾಗಿ ಇನ್ನೊಂದು ಕರ್ನೆಲ್ಲಿಗೆ ಜಿಗಿಯುವ ‘ಕೆಎಕ್ಸೆಕ್’ ತಂತ್ರವನ್ನು ಎರಿಕ್ ಬೀಡರ್‌ಮನ್ ಕಟ್ಟುತ್ತಿದ್ದರು. ಅದನ್ನೇ ಕುಸಿತದ ಹೊತ್ತಿಗೆ ಬಳಸಬಹುದಲ್ಲ ಎಂಬ ದಾರಿಯಲ್ಲಿ ಕೆಡಂಪ್ ರೂಪುಗೊಂಡಿತು. ಇದರಲ್ಲಿ ಐಬಿಎಂನ ಬೆಂಗಳೂರು ಪ್ರಯೋಗಾಲಯದ ಲಿನಕ್ಸ್ ತಂಡದ ಪಾಲು ದೊಡ್ಡದು. ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಬೀಡರ್‌ಮನ್ ಜೊತೆ ಸೇರಿ 2005ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಇದರ ಪ್ರಬಂಧ ಮಂಡಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಬಂದ 2.6.13ನೇ ಆವೃತ್ತಿಯಲ್ಲಿ ಕೆಎಕ್ಸೆಕ್, ಕೆಡಂಪ್ ಎರಡೂ ಇದ್ದವು.

ಕೆಲಸ ನಡೆಯುವುದು ಹೀಗೆ. ಬೂಟ್ ಆಗುವಾಗಲೇ ಮೆಮೊರಿಯ ಒಂದು ಭಾಗವನ್ನು, ಉದಾಹರಣೆಗೆ 256 ಎಂಬಿ, ಕಾದಿರಿಸಿ ಅದರಲ್ಲಿ ಎರಡನೆಯ ಪುಟ್ಟ ಕರ್ನೆಲ್ಲನ್ನು ಇರಿಸಲಾಗುತ್ತದೆ. ಮೊದಲ ಕರ್ನೆಲ್ ಈ ಜಾಗವನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಪ್ಯಾನಿಕ್ ಆದಾಗ ಉಳಿದ ಪ್ರೊಸೆಸರುಗಳನ್ನು ತಡೆಯಲಾಗದ ಇಂಟರಪ್ಟ್‌ನಿಂದ ನಿಲ್ಲಿಸಿ, ಅವುಗಳ ರಿಜಿಸ್ಟರುಗಳನ್ನು ಬರೆದಿಟ್ಟು, ‘ಪರ್ಗಟರಿ’ ಎಂಬ ಚಿಕ್ಕ ಕೋಡಿಗೆ ಜಿಗಿಯಲಾಗುತ್ತದೆ. ಕಾದಿರಿಸಿದ ಕರ್ನೆಲ್ ಹಾಳಾಗಿಲ್ಲವೆಂಬುದನ್ನು ಅದು ಎಸ್‌ಎಚ್‌ಎ-256 ಮೊತ್ತದಿಂದ ಖಾತ್ರಿಪಡಿಸಿಕೊಂಡು ಮುಂದೆ ಬಿಡುತ್ತದೆ. ಎರಡನೆಯ ಕರ್ನೆಲ್ ತನ್ನ ಪುಟ್ಟ ಜಾಗದೊಳಗೇ ಎಚ್ಚರಗೊಂಡು, ಸತ್ತ ಕರ್ನೆಲ್‌ನ ಮೆಮೊರಿಯನ್ನು ‘ವಿಎಂಕೋರ್’ ಎಂಬ ಕಡತವಾಗಿ ಕಾಣುತ್ತದೆ. ಕಾದಿರಿಸುವುದರ ಹಿಂದೆ ಇನ್ನೂ ಒಂದು ಕಾರಣವಿದೆ. ಕರ್ನೆಲ್ ಸತ್ತರೂ ಡಿಸ್ಕ್, ನೆಟ್‌ವರ್ಕ್ ಕಾರ್ಡುಗಳಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಮೊದಲೇ ಕೊಟ್ಟ ಆದೇಶದಂತೆ ಅವು ಮೆಮೊರಿಗೆ ನೇರವಾಗಿ ಬರೆಯುತ್ತಲೇ ಇರಬಹುದು. ಹಳೆಯ ಕರ್ನೆಲ್ ಎಂದೂ ಯಾವ ಸಾಧನಕ್ಕೂ ತೋರಿಸದ ಜಾಗದಲ್ಲಿ ಹೊಸದು ಇರುವುದರಿಂದ ಆ ಬರಹ ಅದನ್ನು ತಟ್ಟುವುದಿಲ್ಲ.

ನೂರಾರು ಜಿಬಿ ರ‍್ಯಾಮ್ ಇರುವ ಸರ್ವರಿನಲ್ಲಿ ಎಲ್ಲವನ್ನೂ ನಕಲಿಸುತ್ತ ಕೂರುವಂತಿಲ್ಲ. ‘ಮೇಕ್‌ಡಂಪ್‌ಫೈಲ್’ ಎಂಬ ಸಾಧನ ಸೊನ್ನೆ ತುಂಬಿದ ಪುಟಗಳು, ಕಡತಗಳ ಕ್ಯಾಶ್, ಬಳಕೆದಾರರ ಪ್ರೋಗ್ರಾಂಗಳ ಪುಟಗಳು, ಖಾಲಿ ಪುಟಗಳು ಇವನ್ನೆಲ್ಲ ಸೋಸಿ ಉಳಿದದ್ದನ್ನು ಕುಗ್ಗಿಸಿ ಇಡುತ್ತದೆ. ಕೆಡಂಪ್ ಕೇಳುವ ಬೆಲೆ ಸದಾ ಕಾದಿರಿಸಿದ ಆ ಮೆಮೊರಿ. ಸಣ್ಣ ಯಂತ್ರಗಳಿಗೆ ಅದು ಭಾರ, ದೊಡ್ಡವಕ್ಕೆ ಲೆಕ್ಕಕ್ಕಿಲ್ಲ.

ವರದಿಯ ಓದು, ಗುಟ್ಟಿನ ಅಪಾಯ

ಸಿಕ್ಕ ಮಾಹಿತಿಯಲ್ಲಿ ವಿಳಾಸಗಳನ್ನು ಮೂಲ ಕೋಡಿನ ಸಾಲುಗಳಿಗೆ ಹೊಂದಿಸಬೇಕು. 2.4 ಕರ್ನೆಲ್ ಕಾಲದಲ್ಲಿ ಇದಕ್ಕೆ ‘ಕೆಸಿಮೂಪ್ಸ್’ ಎಂಬ ಹೊರಗಿನ ಪ್ರೋಗ್ರಾಂ ಬೇಕಿತ್ತು, 2.6ರಿಂದೀಚೆಗೆ ಕರ್ನೆಲ್ ತಾನೇ ಫಂಕ್ಷನ್ ಹೆಸರು ಮುದ್ರಿಸುತ್ತದೆ. ಸಾಲಿನ ಸಂಖ್ಯೆ ಬೇಕಾದರೆ ಅದೇ ಕರ್ನೆಲ್‌ನ ಡಿಬಗ್ ಮಾಹಿತಿ ಕೈಯಲ್ಲಿರಬೇಕು. ಬೇರೆ ಬಾರಿ ಕಂಪೈಲ್ ಮಾಡಿದ್ದು, ಆವೃತ್ತಿ ಒಂದೇ ಆದರೂ, ಹಾದಿ ತಪ್ಪಿಸುತ್ತದೆ. ವಿಎಂಕೋರ್ ತೆರೆಯಲು ಡೇವ್ ಆಂಡರ್ಸನ್ ಬೆಳೆಸಿದ ‘ಕ್ರ್ಯಾಶ್’ ಇದೆ, ಪೈಥಾನ್ ಬಲ್ಲವರಿಗೆ ಒಮರ್ ಸ್ಯಾಂಡೋವಲ್‌ರ ‘ಡ್ರಗನ್’ ಇದೆ. ಪಳಗಿದ ಕಣ್ಣು ಇವೆಲ್ಲಕ್ಕೂ ಮೊದಲೇ ಕೆಲವನ್ನು ಹಿಡಿಯುತ್ತದೆ. ರಿಜಿಸ್ಟರಿನಲ್ಲಿ 6ಬಿ6ಬಿ6ಬಿ6ಬಿ ಕಂಡರೆ ಬಿಡುಗಡೆ ಮಾಡಿದ ಮೆಮೊರಿಯನ್ನು ಯಾರೋ ಮತ್ತೆ ಮುಟ್ಟಿದ್ದಾರೆ. ಡಿಬಗ್ ಆಯ್ಕೆಯಿರುವ ಕರ್ನೆಲ್ ಅಂಥ ಜಾಗಕ್ಕೆ ಬಳಿಯುವ ‘ವಿಷ’ ಅದು. ವಿಳಾಸ ಸೊನ್ನೆಗೆ ತುಸುವೇ ಮೇಲಿದ್ದರೆ ಖಾಲಿ ಪಾಯಿಂಟರಿನ ಮೂಲಕ ಸ್ಟ್ರಕ್ಚರ್‌ನ ಯಾವುದೋ ಸದಸ್ಯವನ್ನು ಓದಹೋಗಿರುವ ಸಂಭವವೇ ಹೆಚ್ಚು.

ಮೆಮೊರಿಯ ಪ್ರತಿ ಎಂದರೆ ಅದರಲ್ಲಿದ್ದ ಗುಪ್ತಪದ, ಗೂಢಲಿಪಿಯ ಕೀಲಿಗಳ ಪ್ರತಿಯೂ ಹೌದು. 2023ರಲ್ಲಿ ಮೈಕ್ರೋಸಾಫ್ಟ್‌ನ ಸಹಿಕೀಲಿಯೊಂದು ಹ್ಯಾಕರುಗಳ ಕೈ ಸೇರಿದ್ದಾಗ, 2021ರ ಕುಸಿತದ ಡಂಪ್ ಒಂದರಲ್ಲಿ ಆ ಕೀಲಿ ಉಳಿದುಕೊಂಡಿದ್ದೇ ಕಾರಣವಿರಬಹುದೆಂದು ಕಂಪನಿ ಮೊದಲು ಹೇಳಿತು; 2024ರ ಮಾರ್ಚ್‌ನಲ್ಲಿ, ಆ ಕೀಲಿಯಿರುವ ಡಂಪ್ ತನಗೆ ಸಿಕ್ಕಿಲ್ಲವೆಂದು ತಿದ್ದಿಕೊಂಡಿತು. ಕಾರಣ ಅದಾಗಿತ್ತೋ ಇಲ್ಲವೋ, ಅಂಥದ್ದು ಸಾಧ್ಯವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಫ್ರೀಬಿಎಸ್‌ಡಿ 12ನೇ ಆವೃತ್ತಿಯಿಂದ ಡಂಪನ್ನು ಬರೆಯುವಾಗಲೇ ಗೂಢಲಿಪಿಗೆ ತಿರುಗಿಸುವ ಸೌಲಭ್ಯ ಕೊಟ್ಟಿದೆ.

ಹಿಡಿಯುವ ವ್ಯವಸ್ಥೆಯನ್ನು ಪರೀಕ್ಷಿಸಲು ಲಿನಕ್ಸ್‌ನಲ್ಲಿ ಬೇಕೆಂದೇ ಪ್ಯಾನಿಕ್ ತರಿಸುವ ಸಿಸ್‌ಆರ್‌ಕ್ಯೂ ‘ಸಿ’ ಆದೇಶವಿದೆ. ಕಾದಿರಿಸಿದ ಮೆಮೊರಿ ಸಾಲದೆ ಎರಡನೆಯ ಕರ್ನೆಲ್ ತಾನೂ ಕುಸಿಯುವುದು, ಡಂಪ್ ಇಡಬೇಕಾದ ಡಿಸ್ಕಿನ ಡ್ರೈವರ್ ಅದರಲ್ಲಿ ಇಲ್ಲದಿರುವುದು, ಇಂಥವು ಗೊತ್ತಾಗುವುದು ಹಾಗೆ ಪರೀಕ್ಷಿಸಿದಾಗ ಮಾತ್ರ. ಯಾವ ವಿಧಾನಕ್ಕೂ ಸಿಗದ ಕುಸಿತಗಳೂ ಇವೆ. ವಿದ್ಯುತ್ ಸರಬರಾಜು ಕ್ಷಣಕಾಲ ತಪ್ಪಿದರೆ, ಪ್ರೊಸೆಸರ್ ಮೂರು ಹಂತದ ದೋಷಕ್ಕೆ ಸಿಕ್ಕಿ ತಾನೇ ರೀಸೆಟ್ ಆದರೆ, ಪ್ಯಾನಿಕ್ ಫಂಕ್ಷನ್ ಕರೆಯುವಷ್ಟು ವ್ಯವಧಾನವೂ ಕರ್ನೆಲ್ಲಿಗೆ ಇರುವುದಿಲ್ಲ. ಆಗ ನೋಡಬೇಕಾದ್ದು ಬೋರ್ಡಿನ ನಿರ್ವಹಣಾ ಚಿಪ್ ತನ್ನಷ್ಟಕ್ಕೆ ಬರೆದುಕೊಂಡ ಉಷ್ಣತೆ, ವೋಲ್ಟೇಜ್ ಮತ್ತು ಮೆಮೊರಿ ದೋಷಗಳ ದಾಖಲೆಯನ್ನು.